ಯಾವ ಪಟ್ಟಾ

12-3-87, ಗುರುವಾರ
ಬೆಳಿಗ್ಗೆ ಎರಡು ಅಂಬಾಸಿಡರ್, ಒಂದು ಜೀಪು. ಜೀಪಿನ ಗೇರ್‌ಬಾಕ್ಸ್ ಒಬ್ಬನೇ ಇಳಿಸಿದೆ. ಸೊಂಟ ಬಿದ್ದುಹೋಗಿದೆ.
ಮಧ್ಯಾಹ್ನ ಮಾನ್ವಿಯ ಹತ್ತಿ ಸಾವುಕಾರ ದೊಡ್ಡಪ್ಪ ಫಾರಿನ್ ಗಾಡಿ ತಂದ. ದಿಲ್ಲಿಯ ಹರಾಜಿನಲ್ಲಿ ಹಿಡಿದದ್ದಂತೆ. ಡೀಸೆಲ್ ಕಾರು, ಆದರೂ ಲಾರಿಯಂತೆ ಒದರುವುದಿಲ್ಲ. ನಾನು ಕೈ ತೊಳೆದು ರೆಡಿಯಾಗಿ ನಿಂತೆ. ಶೆಡ್ಡಿನ ಮಾಲೀಕ, ನಮ್ಮ ಉಸ್ತಾದ್ ಸತ್ತಾರ್ ಸಾಬ್ ನನ್ನ ಕಡೆ ನೋಡಲೇ ಇಲ್ಲ. "ತಾಯಪ್ಪಾ, ಇದು ನೀ ನೋಡು" ಅಂದರು.
ಹದಿನಾಲ್ಕು ವರ್ಷ ಈ ಶೆಡ್ಡಿನ ಗ್ರೀಸು ತಿಂದವನು ನಾನು. ತಾಯಪ್ಪ ದೇವದುರ್ಗದಿಂದ ಬಂದು ನಾಲ್ಕು ವರ್ಷ. ಐ.ಟಿ.ಐ. ಮಾಡಿದ್ದಾನೆ, ಇಂಗ್ಲಿಷ್ ಬುಕ್ಕು ಓದುತ್ತಾನೆ. ಓದಲಿ. ಬುಕ್ಕು ಓದಿದರೆ ನಟ್ಟು ಬಿಚ್ಚುತ್ತದೆಯೇ.

9-4-87
ಉಸ್ತಾದರ ಕಣ್ಣಿಗೆ ಪೊರೆ. ಆಪರೇಷನ್ನಿಗೆ ಹೈದರಾಬಾದಿಗೆ ಹೋಗುತ್ತಾರೆ, ಆಮೇಲೆ ಮಗಳ ಹತ್ತಿರವೇ ಇರುತ್ತಾರಂತೆ. ಇಬ್ಬರನ್ನೂ ಕೂಡಿಸಿಕೊಂಡು ಹೇಳಿದರು, "ಈದ್ ಆದ ಮ್ಯಾಲ ಶೆಡ್ಡಿನ ಕೀಲಿ ಒಬ್ರಿಗೆ ಕೊಡ್ತೀನಿ. ಯಾರಿಗೆ ಅಂತ ನಿಮ್ಮ ಕೆಲಸನ ಹೇಳ್ತದ."
ಮನೆಗೆ ಬಂದು ಹೆಂಡತಿಗೆ ಹೇಳಿದೆ. ಪಾರ್ವತೆಮ್ಮ ರೊಟ್ಟಿ ಬಡಿಯುತ್ತಾ, "ಯಾರಿಗೆ ಕೊಟ್ರೂ ಏನ್ರೀ, ತಾಯಪ್ಪನೂ ಛಲೋ ಮನಿಷ್ಯಾ" ಅಂದಳು. ಅರ್ಧ ರೊಟ್ಟಿ ಬಿಟ್ಟು ಎದ್ದೆ.

23-4-87
ತಾಯಪ್ಪ ಊರಿಗೆ ಹೋದ. ಮೇ ಒಂದಕ್ಕೆ ತಂಗಿಯ ಮದುವೆ. ಹೋಗುವಾಗ ಬಸ್ಸಿಗೆ ಅವಸರ ಮಾಡುತ್ತಾ ಅಂದ, "ವೆಂಕೋಬಣ್ಣ, ದೊಡ್ಡಪ್ಪನೋರ ಗಾಡಿ ಬರ್ತದ. ಪಟ್ಟಾ ಬದಲ್ ಮಾಡಿಬಿಡು. ಸಾಮಾನು ನನ್ನ ಪೆಟ್ಟಿಗ್ಯಾಗ ಅದ. ನಿನ್ನ ಕೈಗೆ ಬಿಟ್ರ ನನಗ ಚಿಂತಿ ಇಲ್ಲ."
ಯಾವ ಪಟ್ಟಾ ಅಂತ ಬಾಯಿಗೆ ಬಂತು. ಕೇಳಿದರೆ ಗೊತ್ತಿಲ್ಲ ಅಂದಂತಾಗುತ್ತದೆ. ತಲೆ ಆಡಿಸಿದೆ. ಕಾರಿನಲ್ಲಿ ಪಟ್ಟಾ ಇರುವುದೇ ಒಂದು, ಫ್ಯಾನಿನ ಬೆಲ್ಟು. ಅದಕ್ಕೆ ಇಷ್ಟು ದೌಲತ್ತು ಯಾಕೋ.

25-4-87, ಶನಿವಾರ
ಗಾಡಿ ಬಂತು. ಫ್ಯಾನ್ ಪಟ್ಟಾ ಬಿಚ್ಚಿ, ಅಳತೆ ಕೊಟ್ಟು ಅಂಗಡಿಯಿಂದ ಹೊಸದು ತರಿಸಿ ಹಾಕಿದೆ. ಹತ್ತು ನಿಮಿಷದ ಕೆಲಸ. ತಾಯಪ್ಪನ ಪೆಟ್ಟಿಗೆ ಮುಟ್ಟಲಿಲ್ಲ — ಅವನ ಸಾಮಾನು ನನಗೇಕೆ. ಡ್ರೈವರ್ ಮರಿಸ್ವಾಮಿಗೆ, "ಪಟ್ಟಾ ವೆಂಕೋಬ ಹಾಕ್ಯಾನ ಅಂತ ಸಾವುಕಾರ್ರಿಗೆ ಹೇಳು" ಅಂದೆ.

28-4-87
ಬಿಚ್ಚಿದ ಪಟ್ಟಾ ಮೊಳೆಗೆ ನೇತಾಡುತ್ತಿತ್ತು. ಕೈಗೆ ತೆಗೆದು ನೋಡಿದೆ. ಇನ್ನೂ ಗಟ್ಟಿ. ಎಲ್ಲೂ ಸೀಳಿಲ್ಲ. ಮತ್ತೆ ಬದಲಿಸು ಅಂದದ್ದು ಯಾಕೆ?
ಉಸ್ತಾದ್ ನಮಾಜಿಗೆ ಹೋದಾಗ ತಾಯಪ್ಪನ ಪೆಟ್ಟಿಗೆ ತೆಗೆದೆ. ಪೇಪರಿನಲ್ಲಿ ಸುತ್ತಿದ ಕರೀ ಪಟ್ಟಾ. ಅಗಲ. ಒಳಮೈಗೆಲ್ಲ ಹಲ್ಲು. ಜತೆಗೆ ಅವನದೇ ಅಕ್ಷರದ ಚೀಟಿ: 'ಟೈಮಿಂಗ್ ಪಟ್ಟಾ. ಮುಂದಿನ ಮುಚ್ಚಳದ ಒಳಗೆ. ಹರಿದರೆ ವಾಲ್ವುಗಳು ತೆರೆದಲ್ಲೇ ನಿಲ್ಲುತ್ತವೆ, ಪಿಸ್ಟನ್ ಮೇಲೆ ಬಂದು ಬಡಿಯುತ್ತದೆ. ಇಂಜಿನ್ ಹೋಗುತ್ತದೆ.' ಕೆಳಗೆ ಇನ್ನೂ ಏನೋ ಬರೆದಿತ್ತು. ಓದಲಿಲ್ಲ.
ಅಂಬಾಸಿಡರಿನಲ್ಲಿ ಅಲ್ಲಿ ಚೈನು ಇರುತ್ತದೆ. ಇಂಜಿನ್ನಿನ ಜೀವವನ್ನು ರಬ್ಬರಿಗೆ ಕಟ್ಟುತ್ತಾರೆಂದು ಯಾರಿಗೆ ಗೊತ್ತು? ಅವನಿಗೆ ಗೊತ್ತು.
ಹೊರಗೆ ಹೆಜ್ಜೆ ಸದ್ದಾಯಿತು. ಪಟ್ಟಾ ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ಬಟ್ಟೆ ಚೂರುಗಳ ಕೆಳಗೆ ತುರುಕಿ ಮುಚ್ಚಿದೆ.
ಮಾನ್ವಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಹೊಟ್ಟೆಕಿಚ್ಚು, ಮತ್ತೇನಿಲ್ಲ. ಹರಿಯಲಿ. ತಾಯಪ್ಪ ನೋಡಿದ ಗಾಡಿ ಕೆಟ್ಟಿತು ಅಂತ ನಾಲ್ಕು ಮಂದಿ ಅನ್ನಲಿ.

1-5-87, ಬೆಳಿಗ್ಗೆ
ಸಾವುಕಾರ ಖುದ್ದು ತಾಯಪ್ಪನ ತಂಗಿಯ ಮದುವೆಗೆ ಹೊರಟಿದ್ದಾನೆ. ನನ್ನ ಮದುವೆಗೆ ಉಸ್ತಾದ್ ಒಬ್ಬರೇ ಬಂದಿದ್ದರು. ಗಾಡಿ ಶೆಡ್ಡಿನ ಮುಂದೆಯೇ ಹೋಯಿತು. ಹಿಂದಿನ ಸೀಟಿನಲ್ಲಿ ಸಾವುಕಾರನ ಮುದುಕಿ ತಾಯಿ ಹುಲಗೆಮ್ಮ. ಮರಿಸ್ವಾಮಿ ಕೈ ಮಾಡಿದ. ನಿಲ್ಲಿಸು ಅನ್ನಬೇಕಿತ್ತು. ನಾನೂ ಕೈ ಮಾಡಿದೆ.

ರಾತ್ರಿ
ದೇವದುರ್ಗದ ದಾರಿಯಲ್ಲಿ ಗಬ್ಬೂರು ಇನ್ನೂ ಮೂರು ಮೈಲಿ ಇರುವಾಗ ಗಾಡಿ ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿ ಶೆಡ್ಡಿಗೆ ಎಳೆತಂದರು. ಮುದುಕಿ ಈ ಬಿಸಿಲಲ್ಲಿ ನಾಲ್ಕು ತಾಸು ಜಾಲಿಗಿಡದ ಕೆಳಗೆ ಕೂತಿದ್ದಳಂತೆ. ಜ್ವರ ಬಂದಿದೆ.
ಅದನ್ನು ನಾನು ಎಣಿಸಿರಲಿಲ್ಲ.

3-5-87
ತಾಯಪ್ಪ ಬಂದ. ಕೈಯ ಅರಿಶಿನ ಇನ್ನೂ ಹೋಗಿಲ್ಲ. ಇಂಜಿನ್ನಿನ ಹೆಡ್ ಬಿಚ್ಚಿದ. ಎಂಟರಲ್ಲಿ ಐದು ವಾಲು ಬಾಗಿವೆ. ಎದ್ದು ಹೋಗಿ ಪೆಟ್ಟಿಗೆ ತೆಗೆದ. ಒಂದು ಗಳಿಗೆ ನೋಡಿದ. ಮುಚ್ಚಿದ.
ಉಸ್ತಾದ್ ನನ್ನ ಕೇಳಿದರು. ಎಲ್ಲ ಮೊದಲೇ ಜೋಡಿಸಿಕೊಂಡಿದ್ದೆ. "ಪಟ್ಟಾ ಬದಲ್ ಮಾಡು ಅಂದ, ಮಾಡೀನಿ. ಯಾವ ಪಟ್ಟಾ ಅಂತ ಅಂವ ಹೇಳಿಲ್ಲ."
ಜಗಳ ಮಾಡುತ್ತಾನೆಂದು ಕಾದೆ. "ಖರೇ ಅದ ಉಸ್ತಾದ್. ನಾ ಬಿಡಿಸಿ ಹೇಳ್ಲಿಲ್ಲ. ತಪ್ಪು ನಂದು" ಅಂದ.
"ಇಂಥಾ ಮಾತು ಬಿಡಿಸಿ ಹೇಳಾಕ ಬರಲಿಲ್ಲಂದ್ರ ನೀ ಓದಿದ್ದು ಯಾತಕ್ಕ ಬೇ?" ಉಸ್ತಾದ್ ಎಲ್ಲರ ಮುಂದೆ ಬೈದರು. ಅವನು ತಲೆ ತಗ್ಗಿಸಿ ನಿಂತ. ಬೇಕಾದದ್ದು ಇದೇ. ಆದರೂ ಚಹಾ ಸೇರಲಿಲ್ಲ.

17-5-87
ಬೊಂಬಾಯಿಯಿಂದ ವಾಲು ಬಂದವು. ತಾಯಪ್ಪ ಹೈದರಾಬಾದಿನಿಂದ ಇನ್ನೊಂದು ಪಟ್ಟಾ ತರಿಸಿದ್ದಾನೆ. ಪೆಟ್ಟಿಗೆಯಲ್ಲಿ ಹೊಸದು ಇರುವಾಗ ಇನ್ನೊಂದು! ಜಂಬ ಅಂದರೆ ಇದು. ಮುದುಕಿ ಎದ್ದು ಓಡಾಡುತ್ತಿದ್ದಾಳಂತೆ.

31-5-87, ಭಾನುವಾರ
ಉಸ್ತಾದರ ಮನೆಯಲ್ಲಿ ಈದಿನ ಸುರಕುಂಬಾ ಪಾಯಸ ಕುಡಿಸಿದರು. ಆಮೇಲೆ ಕೀಲಿ ತಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ತಾಯಪ್ಪ ನನ್ನ ಕಾಲು ಮುಟ್ಟಲು ಬಂದ. ನಾನು ಬಿಡಲಿಲ್ಲ.
ಸಂಜೆ ಶೆಡ್ಡಿಗೆ ಹೋದೆ. ತಾಯಪ್ಪ ಒಬ್ಬನೇ ಪಾನಾ, ಸ್ಕ್ರೂಡ್ರೈವರು ಒರೆಸುತ್ತಿದ್ದ. ಗೆದ್ದವನು ಸುಮ್ಮನಿರಬೇಕು. ನಾನು ಇರಲಿಲ್ಲ. "ಏನಲೇ ತಾಯಪ್ಪ, ಪೆಟ್ಟಿಗ್ಯಾಗ ಹೊಸಾ ಪಟ್ಟಾ ಇದ್ದು ಇನ್ನೊಂದು ಯಾಕ ತರಿಸಿದಿ?" ಅಂದೆ, ನಗುತ್ತಾ.
ಅವನು ತಲೆ ಎತ್ತಲಿಲ್ಲ.
"ಮಡಚಿದ ಪಟ್ಟಾ ಹಾಕಬಾರ್ದಣ್ಣ. ಒಳಗಿನ ದಾರ ಮುರದಿರ್ತದ. ಚೀಟಿಯಾಗ ಬರದಿದ್ದೆ. ನಾ ಉಂಗುರದಂಗ ಸುತ್ತಿ ಇಟ್ಟು ಹೋಗಿದ್ದೆ."
ಅಷ್ಟೇ. ಮತ್ತೆ ಪಾನಾ ಒರೆಸತೊಡಗಿದ.
ಅಂದರೆ ನಾನು ಪೆಟ್ಟಿಗೆ ತೆಗೆದದ್ದು ಮೂರನೇ ತಾರೀಖೇ ಅವನಿಗೆ ಗೊತ್ತು. ಗೊತ್ತಿದ್ದೂ ತಪ್ಪು ನಂದು ಅಂದ. ಇದರಲ್ಲೂ ಅವನೇ ಮುಂದೆ. ತಪ್ಪು ಹೊಟ್ಟೆಗೆ ಹಾಕಿಕೊಳ್ಳುವ ಅವನಂಥ ದೊಡ್ಡ ಹೊಟ್ಟೆ ನನಗೆ ಯಾಕೆ ಕೊಡಲಿಲ್ಲ ದೇವರು...
ಕೀಲಿ ಜೇಬಿನಲ್ಲಿದೆ. ಉಸ್ತಾದರ ಬಸ್ಸು ನಾಳೆ ಬೆಳಿಗ್ಗೆ ಆರಕ್ಕೆ. ಬಸ್‌ಸ್ಟ್ಯಾಂಡಿಗೆ ಹೋಗಿ ಹೇಳಬೇಕು — ಉಸ್ತಾದ್, ಆ ಪೆಟ್ಟಿಗಿ ನಾ —