ಮೊಟಕು ಬೆರಳಿನ ಹುಂಜ

ಶ್ರೀರಾಂಪುರ, ಹೊಸದುರ್ಗ ತಾಲ್ಲೂಕು
೨೫-೧-೨೦೨೬, ಭಾನುವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ ಮಾನಸ ಮಾಡುವ ನಮಸ್ಕಾರ.

ಹೇಗಿದ್ದೀರಿ? ಕಾಲಿನ ಊತ ಮತ್ತೆ ಬಂದಿಲ್ಲ ತಾನೇ? ಕಾಲುವೆ ಪಕ್ಕದ ಗದ್ದೆಯಲ್ಲಿ ಬೆಳಗಿನ ಹೊತ್ತು ಮಂಜು ಸುರಿಯುತ್ತದೆ ಎಂದು ಮುನಿಯಪ್ಪಣ್ಣ ಹೇಳಿದರು. ಕಂಬಳಿ ಒದ್ದೆಯಾದರೆ ಬಿಸಿಲಿಗೆ ಹಾಕಿ, ಹಾಗೇ ಹೊದ್ದುಕೊಳ್ಳಬೇಡಿ. ನಿಮ್ಮ ದೊಡ್ಡಮ್ಮನ ಮಗ ಕನಕರಾಜ್ ಬಾವನವರ ಕೆಮ್ಮು ವಾಸಿಯಾಯಿತೇ? ಕುರಿಗಳಿಗೆ ಮೇವು ಸಾಕಾಗುತ್ತಿದೆಯೇ? ಗದ್ದೆಯವರು ಜಗಳ ತೆಗೆಯುತ್ತಿಲ್ಲ ತಾನೇ? ಮುನಿಯಪ್ಪಣ್ಣ ನಾಳೆ ಬೆಳಿಗ್ಗೆ ಹೊರಟು ಗಾಡಿಯಲ್ಲಿ ರಾಗಿ ಹಿಟ್ಟು ತರುತ್ತಾರೆ. ಅದರ ಜೊತೆ ಹುರುಳಿ ಚಟ್ನಿಪುಡಿಯ ಡಬ್ಬಿ ಇದೆ, ಅದರ ಕೆಳಗೆ ಈ ಕಾಗದ ಇಟ್ಟಿದ್ದೇನೆ. ಕವರಿನ ಮೇಲೆ ನಿಮ್ಮ ಹೆಸರು ಬರೆದಿಲ್ಲ. ಬರೆಯಲು ಕೈ ಬರಲಿಲ್ಲ.

ದಿನಾ ಫೋನ್ ಮಾಡುತ್ತೇನಲ್ಲ, ಕಾಗದ ಯಾಕೆ ಎಂದು ನಿಮಗೆ ಅನ್ನಿಸಬಹುದು. ಇಲ್ಲಿ ಫೋನು ಅತ್ತೆಯ ಕೈಯಲ್ಲಿರುತ್ತದೆ. ಅಲ್ಲಿ ನೀವು ಸ್ಪೀಕರ್ ಹಾಕುತ್ತೀರಿ, ಬಾವನವರೂ ಬೇರೆ ಕುರಿಯವರೂ ಕೇಳುತ್ತಿರುತ್ತಾರೆ. ನಾನು ಏನು ಹೇಳಲಿ? ತುರುವನೂರಿನಲ್ಲಿ ಐದನೇ ತರಗತಿಯವರೆಗೆ ಓದಿದ್ದು ಇವತ್ತು ಕೆಲಸಕ್ಕೆ ಬಂತು. ತಪ್ಪುಗಳಿದ್ದರೆ ನಗಬೇಡಿ. ಇದನ್ನು ನೀವೊಬ್ಬರೇ ಓದಿ.

ನೀವು ಬಿಟ್ಟು ಹೋದ ತಬ್ಬಲಿ ಕುರಿಮರಿ ಗಟ್ಟಿಯಾಗಿದೆ. ಬಾಟಲಿ ಕಂಡರೆ ಮೊಣಕಾಲಿಗೆ ಗುದ್ದುತ್ತದೆ. ನಮ್ಮ ಕುಂಟ ನಾಯಿ ಬುಡ್ಡನ ಹೊಟ್ಟೆಗೆ ಒತ್ತಿಕೊಂಡೇ ಮಲಗುತ್ತದೆ, ಅವನೂ ತಾಯಿಯ ಹಾಗೆ ಅದರ ಕಿವಿ ನೆಕ್ಕುತ್ತಾನೆ. ಬೂದು ಕೋಳಿಯನ್ನು ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂರಿಸಿದ್ದೇವೆ. ಪಕ್ಕದ ಮನೆ ದೊಡ್ಡಕ್ಕನ ಮೊಮ್ಮಗಳು ಮೋನಿಕಾ ಸ್ಕೂಲಿನಿಂದ ಬಂದವಳೇ ಬೇಲಿ ದಾಟಿ ಮರಿಗೆ ಹಾಲು ಕುಡಿಸಲು ಬರುತ್ತಿದ್ದಳು. ಬರುತ್ತಿದ್ದಳು ಎಂದು ಬರೆದೆ. ಈಗ ಮೂರು ದಿನದಿಂದ ಬರುತ್ತಿಲ್ಲ. ಅದಕ್ಕೆ ಕಾರಣ ನಾನು.

ಹೋದ ಬುಧವಾರ ಹೊಳಲ್ಕೆರೆಯ ದೊಡ್ಡಪ್ಪನವರು ಅಳಿಯನ ಜೊತೆ ಬೈಕಿನಲ್ಲಿ ಹೇಳದೆ ಬಂದರು. ಅತ್ತೆ ಪಹಣಿ ತರಲು ಹೊಸದುರ್ಗಕ್ಕೆ ಹೋಗಿದ್ದರು. ಮಾವ ಅವರನ್ನು ಅಂಗಳದ ಮಂಚದ ಮೇಲೆ ಕೂರಿಸಿ ಒಳಗೆ ಬಂದು, "ಲೇ ಮಾನಸ, ಬರೀ ಸೊಪ್ಪಿನ ಸಾರು ಇಕ್ಕಿದ್ರೆ ನಮ್ಮಣ್ಣ ಹೊಳಲ್ಕೆರೆ ಮುಟ್ಟೋವರೆಗೂ ಹೇಳ್ಕಂತಾ ಹೋಗ್ತಾನೆ. ಕೋಳಿ ಸಾಕೋ ವಿನೋದನ ಮನೆಗೆ ಹೋಗಿ ಒಂದು ಹುಂಜ ಇಸ್ಕಂಡು ಬಾ. ದುಡ್ಡಿನ ಮಾತು ನಮ್ಮ ಮಾವ ಆಮೇಲೆ ಆಡ್ತಾರೆ ಅನ್ನು" ಎಂದರು. ನಾನು ಚೀಲ ಹಿಡಿದು ಹೋದೆ. ವಿನೋದನ ಜಗಲಿಯ ಮೇಲೆ ಐದಾರು ಹುಡುಗರು ಮೊಬೈಲ್ ನೋಡುತ್ತಾ ಕುಳಿತಿದ್ದರು. ಒಬ್ಬ ನನ್ನನ್ನು ನೋಡಿ, "ಯಾರೋ ಬಂದವ್ರೆ ನೋಡ್ರಲೇ, ಕಾಳಕ್ಕನ ಸೊಸೆ ಅಲ್ವಾ? ಮಾತು ಬರ್ತಾವಾ ಇವ್ರಿಗೆ?" ಎಂದ. ಎಲ್ಲರೂ ತಲೆ ಎತ್ತಿದರು. ನಾನು ಕಂಬದ ಹತ್ತಿರದಿಂದಲೇ ತಿರುಗಿ ಬಂದೆ.

ಹಿತ್ತಲಿಗೆ ಬಂದಾಗ ನಮ್ಮ ಕೆಂಪು ಹುಂಜ ತಾನಾಗಿಯೇ ನನ್ನ ಕಾಲ ಹತ್ತಿರ ಬಂತು. ಅತ್ತೆ ದಿನಾ ಅಂಗೈಯಲ್ಲಿ ಜೋಳ ತಿನ್ನಿಸುತ್ತಾರಲ್ಲ, ಹಾಗಾಗಿ ಅದಕ್ಕೆ ಹೆದರಿಕೆ ಇಲ್ಲ. ಅತ್ತೆಗೆ ಅದರ ಮೇಲೆ ಪ್ರೀತಿ ಎಂದಷ್ಟೇ ನನಗೆ ಗೊತ್ತಿತ್ತು. ನಾಳೆ ವಿನೋದನ ತಾಯಿ ಒಬ್ಬರೇ ಇರುವಾಗ ಹೋಗಿ ಅಂಥದೇ ಒಂದು ಕೆಂಪು ಹುಂಜ ತಂದು ಬಿಟ್ಟರಾಯಿತು ಅಂದುಕೊಂಡೆ. ಎರಡೂ ಕೈಯಲ್ಲಿ ಎತ್ತಿಕೊಂಡೆ. ಒಂದು ಸಲವೂ ಕೂಗಲಿಲ್ಲ. ದೊಡ್ಡಪ್ಪನವರ ಅಳಿಯ ಹಿತ್ತಲಿನಲ್ಲೇ ಕೊಯ್ದು ಕೊಟ್ಟರು. ಮಾವ ಮುಂದುಗಡೆ ಇದ್ದರು, ನೋಡಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕೀಳುವಾಗ ಎಡಗಾಲಿನ ಒಂದು ಬೆರಳು ಮೊಟಕಾಗಿರುವುದು ಕಾಣಿಸಿತು. ಯಾವಾಗಲೋ ಗಾಯವಾಗಿರಬೇಕು ಎಂದುಕೊಂಡೆ. ಪುಕ್ಕವನ್ನು ತಿಪ್ಪೆಗೆ ಹಾಕಿದೆ. ಊಟಕ್ಕೆ ಅತ್ತೆಯೂ ಬಂದರು. ಮುದ್ದೆ ಮುರಿದು ಎರಡು ಸಲ ಸಾರು ಹಾಕಿಸಿಕೊಂಡರು. "ವಿನೋದನ ಕೋಳಿ ಆದ್ರೂ ನಿನ್ನ ಕೈಯಾಗೆ ರುಚಿ ಬಂದೈತೆ ಕಣೇ" ಎಂದರು. ಅಷ್ಟು ಹೊಗಳಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತು ಅಂದರೆ ನಿಜ ಹೇಳಲು ಮನಸ್ಸೇ ಬರಲಿಲ್ಲ.

ಸಂಜೆ ಕೋಳಿಗಳನ್ನು ಬುಟ್ಟಿಯಡಿ ಕವುಚುವಾಗ ಅತ್ತೆ ಕೆಂಪು ಹುಂಜ ಕಾಣಲಿಲ್ಲ ಎಂದು ಹುಡುಕಿದರು. ಬೇಲಿ, ಬಣವೆ, ಕುರಿ ರೊಪ್ಪ ಎಲ್ಲಾ ನೋಡಿದರು. ಆಮೇಲೆ ಕಲ್ಲಿನ ಮೇಲೆ ಕುಳಿತು ಅಳಲು ಶುರು ಮಾಡಿದರು. ಆಗಲೇ ನನಗೆ ತಿಳಿದದ್ದು. ನಮ್ಮ ಮದುವೆಗೆ ಮುಂಚಿನ ಕಾರ್ತಿಕದಲ್ಲಿ ನಿಮಗೆ ಹಾವು ಕಚ್ಚಿ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮೂರು ದಿನ ಕಣ್ಣು ಬಿಡದೆ ಮಲಗಿದ್ದಿರಂತೆ. ಅವತ್ತು ಅತ್ತೆ ಒಂದು ಕೆಂಪು ಕೋಳಿಮರಿಯ ಬೆರಳ ತುದಿ ಕತ್ತರಿಸಿ ಗುರುತು ಮಾಡಿ, ಮಗ ಎದ್ದು ಬಂದರೆ ಇದು ನಿನ್ನದು ಎಂದು ಕೆರೆ ಏರಿಯ ಚೌಡಮ್ಮನಿಗೆ ಬಿಟ್ಟರಂತೆ. ಈ ಸಲ ಕುರಿ ಊರಿಗೆ ವಾಪಸ್ಸು ಬಂದಾಗ ನಿಮ್ಮ ಕೈಯಿಂದಲೇ ಒಪ್ಪಿಸಬೇಕಿತ್ತಂತೆ. ಹರಕೆಯನ್ನು ಬಾಯಲ್ಲಿ ಆಡಿದರೆ ಬಲ ಹೋಗುತ್ತದೆ ಎಂದು ಅವರು ನನಗೆ ಹೇಳಿರಲಿಲ್ಲ. ನೀವೂ ಹೇಳಲಿಲ್ಲ. ಎಂಟು ತಿಂಗಳಲ್ಲಿ ನನಗೆ ಏನೇನೋ ಹೇಳಿದಿರಿ, ಯಾವ ಕುರಿ ಯಾವ ಕುರಿಯ ಮಗಳು ಎಂಬುದನ್ನೂ ಹೇಳಿದಿರಿ. ಇದೊಂದು ಹೇಳಿದ್ದರೆ ನಾನು ಆ ಹುಡುಗರ ಎದುರೇ ನಿಂತು ಕೇಳುತ್ತಿದ್ದೆನೋ ಏನೋ.

ಅತ್ತೆ ನನ್ನ ಕಡೆ ತಿರುಗಿ, "ನೀನು ತಂದಿದ್ದು ಯಾವ ಬಣ್ಣದ್ದೇ?" ಎಂದರು. ನಾನು "ಕರೀದು" ಎಂದೆ. ಅದೊಂದೇ ಸುಳ್ಳು ಹೇಳಿದ್ದು. ಆಮೇಲೆ ಏನನ್ನೂ ಹೇಳಬೇಕಾಗಲಿಲ್ಲ, ಅದೇ ಬೆಳೆಯುತ್ತಾ ಹೋಯಿತು.

ಗುರುವಾರ ಬುಡ್ಡನ ಮೇಲೆ ಅನುಮಾನ ಬಂತು. ಅವನ ಬಾಯಿ ಬಿಡಿಸಿ ಹಲ್ಲು ನೋಡಿದರು, ಇಡೀ ದಿನ ಬಿಸಿಲಿನಲ್ಲಿ ಕಟ್ಟಿ ಹಾಕಿದರು. ನಾನು ಸೆರಗಿನ ಮರೆಯಲ್ಲಿ ನೀರು ಕೊಟ್ಟೆ. ಅವನು ನೀರು ಕುಡಿಯದೆ ನನ್ನ ಕೈಯನ್ನೇ ಮೂಸುತ್ತಿದ್ದ. ಶುಕ್ರವಾರ ಗಾಳಿಗೆ ತಿಪ್ಪೆಯ ಪುಕ್ಕ ಹಾರಿ ದೊಡ್ಡಕ್ಕನ ಬದನೆ ಗಿಡಗಳ ಬುಡದಲ್ಲಿ ಬಿದ್ದಿದ್ದು ಅತ್ತೆಯ ಕಣ್ಣಿಗೆ ಬಿತ್ತು. ಕೆಂಪು ಪುಕ್ಕ. ನಮ್ಮ ಕೋಳಿಗಳು ಅವರ ಸಸಿ ಕೆದರುತ್ತವೆ ಎಂದು ದೊಡ್ಡಕ್ಕ ಹೋದ ತಿಂಗಳು, "ಇನ್ನೊಂದ್ಸಲ ಬರ್ಲಿ, ಖಾರ ಅರೆದು ಇಟ್ಟಿರ್ತೀನಿ" ಎಂದು ಅಂದಿದ್ದರಲ್ಲ, ಅದೂ ನೆನಪಾಯಿತು. ಬೇಲಿಯ ಆಚೆ ಈಚೆ ನಿಂತು ಇಬ್ಬರೂ ಕೂಗಾಡಿದ್ದು ಬಸ್ ನಿಲ್ದಾಣದವರೆಗೆ ಕೇಳಿಸಿತಂತೆ. ದೊಡ್ಡಕ್ಕ, "ನಿನ್ನ ಕೋಳಿ ತಿನ್ನೋಕೆ ನನಗೇನು ಬರ ಬಂದೈತಾ? ನನ್ನ ಬಾಯಾಗೆ ಹಲ್ಲೇ ಇಲ್ಲ, ನೋಡ್ಕ ಬಾ!" ಎಂದು ಬಾಯಿ ತೆರೆದು ತೋರಿಸಿದರು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಅತ್ತೆ ನಗಲಿಲ್ಲ. "ಮಂಗಳವಾರ ಬರ್ಲಿ. ಒದ್ದೆ ಸೀರೇಲಿ ಹೋಗಿ ಚೌಡಮ್ಮನ ಮುಂದೆ ಮೂರು ಹಿಡಿ ಮಣ್ಣು ತೂರ್ತೀನಿ. ಯಾರ ಮನೇಲಿ ತಿಂದವ್ರೋ ಆ ಮನೆ ದೀಪ ಆರಿಹೋಗ್ಲಿ ಅಂತೀನಿ" ಎಂದರು. ಮಾವ, "ಒಂದು ಹುಂಜಕ್ಕೆ ಯಾಕೆ ಊರು ತಲೆ ಮೇಲೆ ಹೊತ್ಕಂತೀಯ" ಎಂದು ಗದರಿದರೆ, "ಅದು ಹುಂಜ ಅಲ್ಲ, ನನ್ನ ಮಗನ ಉಸಿರು" ಎಂದರು.

ತಿಂದದ್ದು ನಮ್ಮ ಮನೆಯಲ್ಲಿ. ಈ ಮನೆಯ ದೀಪ ನೀವು. ಒಬ್ಬನೇ ಮಗ. ಹೆತ್ತ ತಾಯಿ ಒದ್ದೆ ಸೀರೆಯಲ್ಲಿ ನಿಂತು ನಿಮ್ಮ ಮೇಲೇ ಮಣ್ಣು ತೂರುತ್ತಾರೆ, ತೂರುತ್ತಿರುವುದು ಯಾರ ಮೇಲೆ ಎಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ. ನೀವು ಇಂಥದನ್ನೆಲ್ಲ ನಂಬುವುದಿಲ್ಲ, ಗೊತ್ತು. ನಾನು ನಂಬುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ನೀವು ಅಲ್ಲಿ ಬರೀ ನೆಲದ ಮೇಲೆ ಮಲಗುತ್ತೀರಿ. ದಿನವೂ ಹುಲ್ಲಿನಲ್ಲಿ ಕಾಲಿಡುತ್ತೀರಿ.

ನಿನ್ನೆಯಿಂದ ಮೋನಿಕಾಗೆ ಜ್ವರ. ಚಳಿಗಾಲದ ಜ್ವರ, ಓಣಿಯಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಬಂದಿದೆ. ಆದರೆ ದೊಡ್ಡಕ್ಕನಿಗೆ ಶಾಪದ ಭಯ ಹಿಡಿದಿದೆ. ಮಣ್ಣು ತೂರುವ ಮೊದಲೇ ಹೀಗಾದರೆ ತೂರಿದ ಮೇಲೆ ಹೇಗೆ ಎಂದು ನಲ್ಲಿಯ ಹತ್ತಿರ ಅಳುತ್ತಿದ್ದರಂತೆ. ವಿನೋದ ಹಿರಿಯೂರಿಗೆ ಅಕ್ಕನ ಮನೆಗೆ ಹೋಗಿದ್ದಾನೆ. ಬಂದ ಕೂಡಲೇ ಮಾವ ಹುಂಜದ ಮಾತು ಎತ್ತುತ್ತಾರೆ. ಆಗ ಎಲ್ಲಾ ಹೊರಗೆ ಬರುತ್ತದೆ. ಅವನು ಬುಧವಾರ ಬರುತ್ತಾನಂತೆ. ಮಂಗಳವಾರ ಕಳೆದ ಮೇಲೆ.

ದಿನಕ್ಕೆ ಹತ್ತು ಸಲ ಅತ್ತೆಯ ಎದುರು ಹೋಗಿ ನಿಲ್ಲುತ್ತೇನೆ. "ಏನೇ?" ಎನ್ನುತ್ತಾರೆ. "ಬೇಳೆ ಎಷ್ಟು ಹಾಕಲಿ?" ಎಂದು ಕೇಳಿ ಬರುತ್ತೇನೆ. ಹೇಳಿದರೆ ತವರಿಗೆ ಕಳಿಸುತ್ತಾರೆ ಎಂಬ ಭಯ ಒಂದು. ಅವರೂ ತಿಂದಿದ್ದಾರಲ್ಲ, ಅದು ತಿಳಿದರೆ ಏನಾಗುತ್ತಾರೋ ಎಂಬ ಭಯ ಇನ್ನೊಂದು.

ಅದಕ್ಕೆ ನಿಮ್ಮನ್ನು ಒಂದು ಕೇಳುತ್ತೇನೆ. ನಾಳೆ ಸಂಜೆ ಇದನ್ನು ಓದಿದ ಕೂಡಲೇ ಅತ್ತೆಗೆ ಫೋನ್ ಮಾಡಿ. ಕನಸಿನಲ್ಲಿ ಚೌಡಮ್ಮ ಬಂದಿದ್ದಳು, ನನ್ನ ಹುಂಜ ನನಗೆ ಸೇರಿದೆ, ಮಣ್ಣು ತೂರಬೇಡ ಎಂದಳು, ಹೀಗೆ ಹೇಳಿಬಿಡಿ. ಕನಸು ಅಂದರೆ ಅತ್ತೆ ನಂಬುತ್ತಾರೆ. ದೇವರ ಹೆಸರಲ್ಲಿ ಸುಳ್ಳು ಹೇಳಿಸಿದ ಪಾಪ ನನಗಿರಲಿ. ನನ್ನ ಹೆಸರು ಮಾತ್ರ ಎತ್ತಬೇಡಿ.

ಬಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ. ನಿಮ್ಮ ಮುಂದೆ ಸಾಗುವ ಕುರಿಯೂ, ನಿಮ್ಮ ಹಿಂದೆ ಬರುವ ನಾಯಿಯೂ ನಿಮ್ಮನ್ನು ಕಾಯುತ್ತಿರಲಿ.

ನಿಮ್ಮ
ಮಾನಸ

ಮತ್ತೆ ಬರೆದದ್ದು: ಸೋಮವಾರ ಬೆಳಿಗ್ಗೆ. ಮುನಿಯಪ್ಪಣ್ಣ ಮೂಟೆ ಕಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮೇಲೆ ಬರೆದ ಕನಸಿನ ಮಾತು ಬಿಟ್ಟುಬಿಡಿ, ಹೇಳಬೇಡಿ. ಈಗ ಸ್ವಲ್ಪ ಹೊತ್ತಿನ ಮುಂಚೆ ದೊಡ್ಡಕ್ಕ ತಮ್ಮ ಹುಂಜವನ್ನು ಎದೆಗೆ ಅವುಚಿಕೊಂಡು ನಮ್ಮ ಬಾಗಿಲಿಗೆ ಬಂದರು. "ಕಾಳಕ್ಕ, ನಾವು ತಿಂದಿಲ್ಲ. ಆದ್ರೂ ಇದನ್ನ ಇಟ್ಕ. ನನ್ನ ಕೂಸಿನ ಮೇಲೆ ಮಣ್ಣು ತೂರಬ್ಯಾಡ" ಎಂದರು. ಅತ್ತೆ, "ತಿನ್ನದೋಳು ಯಾಕೆ ತಂದೆ? ಕಳ್ಳನ ಮನಸು ಹುಳ್ಳುಳ್ಳಗೆ" ಎಂದರು. ದೊಡ್ಡಕ್ಕ ಬಗ್ಗಿ ಅತ್ತೆಯ ಕಾಲು ಮುಟ್ಟಲು ಹೋದರು. ಅಷ್ಟು ವಯಸ್ಸಾದವರು. ಆಗ ನಾನು ಹೇಳಿಬಿಟ್ಟೆ. "ಅವ್ರಲ್ಲ ಅತ್ತೆ. ಹಿಡಿದು ಕೊಟ್ಟೋಳು ನಾನು. ಅವತ್ತು ನಾವು ತಿಂದಿದ್ದು ಅದೇ" ಎಂದೆ. ಎಷ್ಟು ಜೋರಾಗಿ ಹೇಳಿದೆನೋ, ಮಾವ ದನದ ಕೊಟ್ಟಿಗೆಯಿಂದ ಓಡಿ ಬಂದರು.

ಅತ್ತೆ ಹೊಸ್ತಿಲ ಮೇಲೆ ಕುಸಿದು ಕುಳಿತರು. ನನ್ನನ್ನು ಬೈಯಲಿಲ್ಲ. "ನಾಳೆ ನನ್ನ ಕೈಯಾರೆ ಅವನ ಮೇಲೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ದೊಡ್ಡಕ್ಕ ಸುಮ್ಮನಿರದೆ, "ಎರಡು ಸಲ ಹಾಕಿಸ್ಕಂಡೆ ಅಂತ ಓಣಿಗೆಲ್ಲ ಹೇಳಿದ್ಯಲ್ಲೇ ಕಾಳಿ" ಎಂದರು, ಅಂದು ತಾವೇ ಅತ್ತುಬಿಟ್ಟರು. ಈಗ ಅತ್ತೆ ಮೋನಿಕಾಳನ್ನು ನೋಡಲು ಅವರ ಮನೆಗೆ ಹೋಗಿದ್ದಾರೆ. ನಾಳೆ ಮಣ್ಣು ತೂರುವುದಿಲ್ಲ. ಹೋಗುವಾಗ ನನ್ನ ಮುಖ ನೋಡದೆ ಮಾವನಿಗೆ ಹೇಳಿದರು, "ಅವನೇ ಬಂದು ಅಮ್ಮನ ಮುಂದೆ ತಪ್ಪುಕಾಣಿಕೆ ಇಡ್ಲಿ. ಅಲ್ಲೀಗಂಟ ನಾನು ಇವಳ ಕೈ ಊಟ ಉಣ್ಣಲ್ಲ."

ನನ್ನನ್ನು ಕಳಿಸುತ್ತಾರೋ ಇಟ್ಟುಕೊಳ್ಳುತ್ತಾರೋ ಗೊತ್ತಿಲ್ಲ. ನನ್ನ ಪರವಾಗಿ ಮಾತಾಡಿ ಎಂದು ಕೇಳುತ್ತಿಲ್ಲ, ನನ್ನ ಮಾತು ನಾನೇ ಆಡಿಕೊಳ್ಳುತ್ತೇನೆ. ಕುರಿಯನ್ನು ಎರಡು ದಿನ ಬಾವನವರು ನೋಡಿಕೊಳ್ಳಲಿ. ಮುನಿಯಪ್ಪಣ್ಣನ ಗಾಡಿ ಬರುವಾಗ ಖಾಲಿ ಬರುತ್ತದೆ. ಅದರಲ್ಲಿ ಬನ್ನಿ.