ಹೊಳೆಯ ಬಗ್ಗೆ ನೀನು ಕೇಳಿದ್ದು

ಮಗಳೇ,

ಅಪ್ಪನ ಕಾರ್ಖಾನೆಯ ಅಂಗಿ ನೆನೆಹಾಕಿದ್ದೇನೆ. ಬಣ್ಣ ಬಿಡುತ್ತದೆ, ನಿನ್ನ ಬಟ್ಟೆ ಅದಕ್ಕೆ ಸೇರಿಸಬೇಡ. ಅಡುಗೆ ಮುಚ್ಚಿಟ್ಟಿದೆ.

ನಿನ್ನೆ ನೀನು, “ಅಮ್ಮಾ, ನೀರಿನ ಪರೀಕ್ಷೆ ವಿಜ್ಞಾನದವರು ಮಾಡ್ತಾರೆ, ನಮ್ಮ ಕ್ಲಾಸಿಗೆ ಜನರ ನೆನಪು ಬೇಕು. ಹೊಳೆ ಬಗ್ಗೆ ಹೇಳು” ಎಂದಾಗ ನಾನು ಮರೆತುಹೋಗಿದೆ ಅಂದೆ. ಅಪ್ಪ ಪಕ್ಕದಲ್ಲೇ ಕೂತಿದ್ದರಲ್ಲ. ಕೇಳುವುದು ಸುಲಭ ಕಣೇ. ಹೇಳಿದ ಮೇಲೆ ಈ ಮನೆಯಲ್ಲಿ ಬಾಳಬೇಕಾದವಳು ನಾನು.

ಬೆಳಿಗ್ಗೆ ನಿನ್ನ ರೆಕಾರ್ಡರಿಗೆ ಎಲ್ಲ ಹೇಳಿದ್ದೇನೆ. ನಿನ್ನ ಅಕ್ಕ ಹೋದದ್ದು ಬರೀ ಜ್ವರದಿಂದಲ್ಲ, ಆ ನೀರಿನಿಂದ. ಕಾರ್ಖಾನೆಯ ಬಣ್ಣದ ನೀರನ್ನು ಹೊಳೆಗೆ ಬಿಡುತ್ತಿದ್ದವರು ಯಾರು ಎಂಬುದೂ ಅದರಲ್ಲಿದೆ. ರೆಕಾರ್ಡರನ್ನು ನಿನ್ನ ದಿಂಬಿನ ಕೆಳಗಿಟ್ಟಿದ್ದೇನೆ.

ಕೇಳುವ ಮೊದಲು ಅಪ್ಪನಿಗೆ ಊಟ ಬಡಿಸಿಬಿಡು. ಆಮೇಲೆ ನಿನಗೆ ಕೈ ಬರುವುದಿಲ್ಲ. ಇವತ್ತು ನನಗೂ ಬರಲಿಲ್ಲ, ಅದಕ್ಕೇ ಬೇಗ ಹೊರಟೆ.

ಅಮ್ಮ