ಫ್ಯಾನ್ ನಿಲ್ಲಿಸಿ, ನನ್ನ ಮಗಳು ಮಾತಾಡುತ್ತಾಳೆ

ಮಕ್ಕಳ ಮಿದುಳಿನ ಬೆಳವಣಿಗೆ ಅಳೆಯುವ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಐದು ವರ್ಷದ ಮಗಳ ಬುದ್ಧಿ ಬೆಳೆದಿಲ್ಲವೆಂದು ತಮ್ಮ ಕಚೇರಿ ಹನ್ನೆರಡು ನಿಮಿಷದಲ್ಲಿ ಕಂಡುಹಿಡಿಯಿತು. ಅವಳನ್ನು ಮಾಮೂಲಿ ಶಾಲೆಗೆ ಸೇರಿಸಿಕೊಳ್ಳಬಾರದೆಂದು ತಾವು ಷರಾ ಬರೆದಿರಿ. 'ಕಾರಣ' ಎಂಬಲ್ಲಿ 'ಕುಟುಂಬದ ಬಡತನ' ಎಂದು ನಮೂದಿಸಿದಿರಿ. ಮಗುವಿನ ಮುಖವನ್ನೂ ನೋಡದೆ ಅದರ ತಲೆಯೊಳಗನ್ನು ಕಂಡ ತಮ್ಮ ದಿವ್ಯದೃಷ್ಟಿಗೆ ದೊಡ್ಡ ನಮಸ್ಕಾರ. ಖುದ್ದಾಗಿ ಕೊಟ್ಟ ಅರ್ಜಿಗಳು ಮಾತ್ರ ಆ ದೃಷ್ಟಿಗೆ ಬೀಳಲಿಲ್ಲ, ಆದ್ದರಿಂದ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ವರದಿಯ ಜೊತೆ ಒಂದು ಕೈಪಿಡಿಯನ್ನೂ ದಯಪಾಲಿಸಿದ್ದೀರಿ. ದಿನಕ್ಕೆ ಎರಡು ಗಂಟೆ ಮಗುವಿನೊಡನೆ ಮಾತಾಡಬೇಕಂತೆ, ಮನೆಯಲ್ಲೊಂದು ನಿಶ್ಶಬ್ದ ಮೂಲೆ ಇರಬೇಕಂತೆ. ನಮ್ಮದು ಒಂದೇ ಕೋಣೆ. ಮೂರು ಮೂಲೆಗಳಲ್ಲಿ ಒಲೆ, ಹಾಸಿಗೆ, ಬಟ್ಟೆಯ ಗಂಟು. ನಾಲ್ಕನೆಯದರಲ್ಲಿ ಹೊಲಿಗೆ ಮಿಷನ್ನು, ಅದರ ಮುಂದೆ ನಾನು. ಐದನೆಯ ಮೂಲೆ ಎಲ್ಲಿ ಸಿಗುತ್ತದೆಂದು ಕೈಪಿಡಿಯಲ್ಲಿ ಬರೆದಿಲ್ಲ.

ನಾನು ಅಂಗಿಯ ಕಾಲರ್ ಹೊಲಿಯುವವಳು. ಮಗಳಿಗೆ ಮೂರು ವರ್ಷವಿದ್ದಾಗ ಏನೋ ಕೇಳಿದಳೆಂದು ಕತ್ತೆತ್ತಿದೆ, ಸೂಜಿ ಬೆರಳಿಗೆ ಇಳಿಯಿತು. ರಕ್ತ ಕಂಡ ಆ ದಿನವೇ ಅವಳು ತಾನಾಗಿ ಒಂದು ಕಾನೂನು ಮಾಡಿಕೊಂಡಳು. ಮಿಷನ್ ಸದ್ದು ಮಾಡುವಾಗ ತುಟಿ ಪಿಟಕ್ಕೆನ್ನುವುದಿಲ್ಲ. ನಿಂತ ಕೂಡಲೇ ಪಟಪಟ ಶುರು, ನಿಲ್ಲಿಸು ಅಂದರೂ ಕೇಳುವುದಿಲ್ಲ.

ತಮ್ಮ ಪರೀಕ್ಷಾ ಕೋಣೆಯ ಫ್ಯಾನು ಗಡಗಡ ಅನ್ನುತ್ತಿತ್ತು. ಪರೀಕ್ಷಕರು ಹತ್ತು ಚಿತ್ರ ತೋರಿಸಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಮಗಳು ಚಿತ್ರ ನೋಡಿದಳು, ಫ್ಯಾನು ನೋಡಿದಳು, ಬಾಯಿ ಬಿಡಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೇಳಿದೆ.

"ಯಾಕೆ ಪುಟ್ಟಿ, ಒಂದಕ್ಕೂ ಉತ್ತರ ಹೇಳ್ಲಿಲ್ಲ?"

"ಅವ್ರ ಮಿಷನ್ ನಿಲ್ಲಲೇ ಇಲ್ವಲ್ಲಮ್ಮ. ಅವ್ರಿಗೆ ಚುಚ್ಚಿಬಿಟ್ರೆ?"

ಅಲ್ಲೇ ಹತ್ತೂ ಚಿತ್ರಗಳ ಹೆಸರು ಸಾಲಾಗಿ ಹೇಳಿದಳು. ಓಡಿಹೋಗಿ ಗುಮಾಸ್ತರಿಗೆ ತಿಳಿಸಿದೆ. "ಸಾಹೇಬ್ರ ಸಹಿ ಬಿದ್ದಾಯ್ತು. ಇನ್ನೇನ್ ಮಾಡೋಕಾಗುತ್ತೆ, ಹೋಗಮ್ಮ" ಎಂದರು. ಪರೀಕ್ಷಕರ ಬೆರಳಿಗೆ ನೋವಾದೀತೆಂದು ಸುಮ್ಮನಿದ್ದ ಮಗುವಿಗೆ ಬುದ್ಧಿಯಿಲ್ಲ, ಫ್ಯಾನು ರಿಪೇರಿ ಮಾಡಿಸಲು ಹೊಳೆಯದ ಕಚೇರಿಗೆ ಬೇಕಾದಷ್ಟಿದೆ, ಅಲ್ಲವೇ?

ಬಡತನ ಮಿದುಳನ್ನು ಮುಟ್ಟುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಮುಟ್ಟುತ್ತದೆ, ತಮಗಿಂತ ಹತ್ತಿರದಿಂದ ನೋಡಿದ್ದೇನೆ. ಮಿಷನ್ ನಿಲ್ಲಿಸಿ "ಏನೋ ಹೇಳ್ಬೇಕಂತಿದ್ಯಲ್ಲ, ಹೇಳು" ಎಂದರೆ ಕೆಲವೊಮ್ಮೆ ಅವಳು "ಮರ್ತೋಯ್ತಮ್ಮ" ಅನ್ನುತ್ತಾಳೆ. ಹಾಗೆ ಕಳೆದುಹೋದ ಮಾತುಗಳಿಗೆ ತಮ್ಮ ನಮೂನೆಯಲ್ಲಿ ಯಾವ ಕಾಲಂ ಇದೆ?

ವರದಿಯನ್ನು ರದ್ದುಪಡಿಸಿ. ಶಾಲೆ ಶುರುವಾಗುವ ಮೊದಲು ಅವಳನ್ನು ಇನ್ನೊಮ್ಮೆ ಪರೀಕ್ಷಿಸಿ, ಈ ಸಲ ತಾವೇ ಎದುರು ಕೂತು, ಫ್ಯಾನ್ ನಿಲ್ಲಿಸಿ. ಸೆಖೆಯಾದರೆ ನಾನೇ ಪಕ್ಕದಲ್ಲಿ ನಿಂತು ಗಾಳಿ ಬೀಸುತ್ತೇನೆ. ತಮ್ಮ ಕೈಪಿಡಿ ಅದಕ್ಕೆ ಸರಿಯಾಗಿದೆ.

ಇಂತಿ,
ತಮ್ಮ ವರದಿಯಲ್ಲಿ 'ಕಾರಣ' ಎಂದು ನಮೂದಾಗಿರುವ ತಾಯಿ